ಎಲ್ಲವನ್ನೂ ಕನ್ವರ್ಟ್ ಮಾಡಬೇಕಿಲ್ಲ

ನಿಮ್ಮ ಲೇಖನದಲ್ಲಿ, ಹಳೇ ಕ್ಯಾಮೆರಾದ ವಿಡಿಯೋಗಳನ್ನೆಲ್ಲ ಎಡಿಟ್ ಮಾಡುವ ಮೊದಲು ಎಂಪಿ4ಗೆ ಕನ್ವರ್ಟ್ ಮಾಡಿ ಅಂತ ಬರೆದಿದ್ದೀರಿ. ಆದರೆ ಎಲ್ಲದಕ್ಕೂ ಅದು ಬೇಕಿಲ್ಲ. ಕೊಡಗಿನ ನಮ್ಮ ಐನ್‌ಮನೆಯ (ಕುಟುಂಬದ ಮೂಲ ಮನೆ) ಹುತ್ತರಿ ಸುಗ್ಗಿ ಹಬ್ಬದ ಕ್ಲಿಪ್‌ಗಳು ಎಂಟಿಎಸ್ ಫೈಲ್‌ಗಳು, ಅಂದರೆ ಕ್ಯಾಮ್‌ಕಾರ್ಡರ್‌ಗಳು ಉಳಿಸುವ ಒಂದು ಮಾದರಿ. ಒಳಗಿರುವುದು ಎಂಪಿ4ನಲ್ಲೂ ಸಾಮಾನ್ಯವಾಗಿ ಇರುವ ಎಚ್.264 ವಿಡಿಯೋನೇ. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ 'ಕಾಪಿ' ಆಯ್ಕೆ ಕೊಟ್ಟರೆ ಹೊರಗಿನ ಡಬ್ಬಿ, ಅಂದರೆ ಫೈಲ್‌ನ ಮಾದರಿ, ಮಾತ್ರ ಎಂಪಿ4 ಆಗಿ ಬದಲಾಗುತ್ತದೆ, ಚಿತ್ರ ಒಂಚೂರೂ ಕೆಡುವುದಿಲ್ಲ. ಎಡಿಟರ್‌ನಲ್ಲಿ ಸೌಂಡ್ ಬರದಿದ್ದರೆ ಸೌಂಡ್ ಒಂದನ್ನು ಎಎಸಿ ಅನ್ನುವ ಆಡಿಯೋ ಮಾದರಿಗೆ ಬದಲಿಸಿದರೆ ಸಾಕು.

ಇದು ಗೊತ್ತಿಲ್ಲದಾಗ ಬಿಟ್‌ರೇಟ್ (ಪ್ರತಿ ಸೆಕೆಂಡಿನ ವಿಡಿಯೋಗೆ ಬಳಸುವ ಡೇಟಾ) ತೀರಾ ಕಡಿಮೆ ಇಟ್ಟು ಕನ್ವರ್ಟ್ ಮಾಡಿದ್ದೆ. ಹುತ್ತರಿಯಲ್ಲಿ ಭತ್ತದ ಕದಿರು ತೆಗೆಯುವ ರಾತ್ರಿ, ಗದ್ದೆಯ ಕತ್ತಲು, ದೀಪ ಹಿಡಿದು ನಿಂತ ಅಜ್ಜಿಯ ಮುಖ, ಎಲ್ಲ ಚೌಕ ಚೌಕವಾಗಿ ಒಡೆದುಹೋಯಿತು. ತುಂಬಾ ಸಂಕಟ ಆಯ್ತು. ಅಜ್ಜಿ ಈಗ ಇಲ್ಲ, ಅಲ್ವಾ. ಪುಣ್ಯಕ್ಕೆ ಮೆಮೊರಿ ಕಾರ್ಡ್ ಅಳಿಸಿರಲಿಲ್ಲ.

ಹಳೇ ಕ್ಯಾಮೆರಾಗಳ ಮೋಷನ್ ಜೆಪೆಗ್ ಎವಿಐ ಫೈಲ್‌ಗಳು ಎಡಿಟರ್‌ನಲ್ಲಿ ತೆರೆಯದಿದ್ದರೆ ಮಾತ್ರ ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟರ್‌ಗೆ ಕೊಡಿ. ಒರಿಜಿನಲ್ ಫೈಲ್ ಅಳಿಸಬೇಡಿ ಅಂತ ಲೇಖನದಲ್ಲಿ ದಯವಿಟ್ಟು ಒಂದು ಸಾಲು ಸೇರಿಸಿ.