ಭಾಗಲಬ್ಧ ತೋರಿಸಿದ್ದು ಸಾಕು, ಲೀಟರ್ ತೋರಿಸಿ

ಮೊದಲು ಬೈಕಿನ ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆಗೆ ತಂದೆ. ಆಮೇಲೆ ಎಂಟು ಸಲ ಮತ್ತೆ ಫುಲ್ ಮಾಡಿಸಿದೆ. ಒಟ್ಟು ಓಡಿದ್ದು 3,127 ಕಿಲೋಮೀಟರ್. ಎಂಟು ಬಿಲ್ಲುಗಳನ್ನು ಕೂಡಿದರೆ 66.9 ಲೀಟರ್. ಭಾಗಿಸಿದರೆ ಲೀಟರಿಗೆ 46.7 ಕಿಲೋಮೀಟರ್. ಇದೇ ಓಟಕ್ಕೆ ನನ್ನ ಬೈಕಿನ ಡಿಸ್‌ಪ್ಲೇ ಕೊಟ್ಟ ಮೈಲೇಜು 50.6.

ನಾಲ್ಕು ಕಿಲೋಮೀಟರ್ ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಮನೆಯಲ್ಲೂ ಕೇಳಿದರು, ಆಫೀಸಿನಲ್ಲೂ ಕೇಳಿದರು. ಕೆಡಿಸಿಕೊಳ್ಳಬೇಕು ಅಂತಲೇ ನನ್ನ ಅಭಿಪ್ರಾಯ. ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವರ್ನಿಯರ್, ಮೈಕ್ರೋಮೀಟರ್, ಡಯಲ್ ಗೇಜ್, ಒಂದೊಂದರ ಮೇಲೂ ಕ್ಯಾಲಿಬ್ರೇಷನ್ ತಾರೀಖಿನ ಚೀಟಿ ಇರುತ್ತದೆ. ತಾರೀಖು ಮುಗಿದ ಗೇಜಿನಲ್ಲಿ ಅಳೆದ ಪೀಸನ್ನು ನಾವು ಪಾಸ್ ಮಾಡುವ ಹಾಗಿಲ್ಲ. ಅಂಥ ಕೆಲಸ ಮುಗಿಸಿ ಸಂಜೆ ಬೈಕ್ ಹತ್ತಿದರೆ, ಕಣ್ಣೆದುರು ದಶಾಂಶದ ಸಮೇತ ಮಿನುಗುವ ಒಂದು ಅಂಕಿ. ಅದನ್ನು ಯಾವುದರ ಜೊತೆ ತಾಳೆ ನೋಡಿದ್ದಾರೆ, ಎಷ್ಟು ಆಚೀಚೆ ಆಗಬಹುದು ಅಂತ ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ದಶಾಂಶ ಹಾಕಿ ಒಂದು ಅಳತೆ ಹೇಳುವವರು ಅದಕ್ಕೆ ಜವಾಬ್ದಾರರೂ ಆಗಿರಬೇಕು.

ನಮ್ಮ ತಂದೆ ಸೀಟಿನ ಕೆಳಗೆ ಒಂದು ಪಾಕೆಟ್ ಡೈರಿ ಇಟ್ಟಿರುತ್ತಿದ್ದರು. ಅದು ಕಾರ್ಬ್ಯುರೇಟರ್ ಗಾಡಿಗಳ ಕಾಲ. ಓಡುತ್ತಾ ಓಡುತ್ತಾ ಎಂಜಿನ್ ಕೆಮ್ಮಿತು ಅಂದರೆ ಕೈ ಕೆಳಗೆ ಹಾಕಿ ಪೆಟ್ರೋಲ್ ಕಾಕನ್ನು ರಿಸರ್ವ್‌ಗೆ ತಿರುಗಿಸುವುದು. ಅಲ್ಲೇ ಒಂದು ಲೀಟರ್ ಅಳೆದು ಹಾಕಿಸಿ, ಕಾಕ್ ವಾಪಸ್ ತಿರುಗಿಸಿ, ಮತ್ತೆ ಕೆಮ್ಮುವ ತನಕ ಎಷ್ಟು ಓಡಿತು ಅಂತ ಬರೆದುಕೊಳ್ಳುವುದು. ಈಗ ಯೋಚಿಸಿದರೆ ಅದು ಎಷ್ಟು ಒಳ್ಳೆಯ ವಿಧಾನ ಅಂತ ಅರ್ಥವಾಗುತ್ತದೆ. ಕಾಕಿನೊಳಗಿನ ಕೊಳವೆಯ ಎತ್ತರ ಬದಲಾಗುವುದಿಲ್ಲ, ಹಾಗಾಗಿ ಪ್ರತಿ ಸಲವೂ ಪೆಟ್ರೋಲ್ ಅದೇ ಮಟ್ಟಕ್ಕೆ ಬಂದಾಗಲೇ ಎಂಜಿನ್ ತಡವರಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಫ್ಯೂಯಲ್ ಇಂಜೆಕ್ಷನ್‌ಗೆ ಹೋದವು. ಕಾಕೂ ಹೋಯಿತು, ರಿಸರ್ವೂ ಹೋಯಿತು. ಪಂಪು ಟ್ಯಾಂಕಿನೊಳಗೇ ಪೆಟ್ರೋಲಿನಲ್ಲಿ ಮುಳುಗಿಕೊಂಡು ತಣ್ಣಗಿರುತ್ತದೆ, ಆದ್ದರಿಂದ ಟ್ಯಾಂಕ್ ಪೂರ್ತಿ ಒಣಗಿಸಿ ಅಳೆಯುವ ಸಾಹಸ ಮಾಡಬಾರದು. ನಮಗೆ ಉಳಿದಿರುವುದು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕುವ ದಾರಿ ಒಂದೇ.

ಡಿಸ್‌ಪ್ಲೇ ಮಾಡುವುದೂ ಭಾಗಾಕಾರವನ್ನೇ. ಚಕ್ರದ ಸೆನ್ಸರ್ ಸುತ್ತುಗಳನ್ನು ಎಣಿಸಿ ದೂರ ಕೊಡುತ್ತದೆ. ಪೆಟ್ರೋಲಿನ ಲೆಕ್ಕ ಇಸಿಯುನಿಂದ, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿನಿಂದ ಬರುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿತ್ತು ಅನ್ನುವುದು ಇಸಿಯುಗೆ ಗೊತ್ತು, ಯಾಕೆಂದರೆ ತೆರೆಸಿದ್ದೇ ಅದು. ನಿಗದಿತ ಒತ್ತಡದಲ್ಲಿ ಒಂದು ಮಿಲಿಸೆಕೆಂಡಿಗೆ ಇಷ್ಟು ಪೆಟ್ರೋಲ್ ಹರಿಯುತ್ತದೆ ಅಂತ ಅದರೊಳಗೆ ಮೊದಲೇ ಬರೆದಿಟ್ಟಿರುತ್ತಾರೆ. ಆ ಸಮಯವನ್ನು ಈ ಹರಿವಿನಿಂದ ಗುಣಿಸಿ, ಕೂಡುತ್ತಾ ಹೋಗುತ್ತದೆ. ಅಂದರೆ ಪೆಟ್ರೋಲನ್ನು ಯಾರೂ ಅಳೆಯುತ್ತಿಲ್ಲ, ಬಾಗಿಲು ತೆರೆದಿದ್ದ ಹೊತ್ತನ್ನು ಅಳೆದು ಇಷ್ಟು ಹೋಗಿರಬೇಕು ಅಂತ ಲೆಕ್ಕ ಕಟ್ಟುತ್ತಿದ್ದಾರೆ. ಒಂದು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ 5,000 ಆರ್‌ಪಿಎಂನಲ್ಲಿ ಓಡುವಾಗ ನಿಮಿಷಕ್ಕೆ 2,500 ಸಲ ಇಂಜೆಕ್ಟರ್ ತೆರೆಯುತ್ತದೆ. ನೋಜಲ್ಲಿನಲ್ಲಿ ಕಲ್ಮಷ ಕೂತರೆ, ಪಂಪಿನ ಒತ್ತಡ ಸ್ವಲ್ಪ ಬೇರೆಯಾದರೆ, ಈ ಇಂಜೆಕ್ಟರಿಗೂ ಬರೆದಿಟ್ಟ ಲೆಕ್ಕಕ್ಕೂ ಮೊದಲಿನಿಂದಲೇ ಅಂತರ ಇದ್ದರೆ, ಆ ತಪ್ಪು ನಿಮಿಷಕ್ಕೆ 2,500 ಸಲ ಒಂದೇ ದಿಕ್ಕಿಗೆ ಸೇರುತ್ತದೆ.

ಕಂಪನಿಯವರು ಬೇಕಂತಲೇ ಹೆಚ್ಚು ತೋರಿಸುತ್ತಾರೆ ಅನ್ನುವವರಿದ್ದಾರೆ. ಅದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ, ಆ ಮಾತು ನಾನು ಆಡುವುದಿಲ್ಲ. ಸರ್ವೀಸ್ ಸೆಂಟರಿನಲ್ಲಿ ನನ್ನ ಪಟ್ಟಿ ತೋರಿಸಿದಾಗ ಅಲ್ಲಿನ ಹುಡುಗ ಮರ್ಯಾದೆಯಿಂದಲೇ "ಸಾರ್, ಅದು ಅಂದಾಜು ಅಷ್ಟೇ, ಅದನ್ನ ನೋಡಿ ಲೆಕ್ಕ ಹಾಕಬೇಡಿ" ಅಂದ. ಅಂದಾಜು ಅಂತ ಡಿಸ್‌ಪ್ಲೇ ಮೇಲೆ ಎಲ್ಲೂ ಬರೆದಿಲ್ಲವಲ್ಲ ಅಂದೆ. ಅದಕ್ಕೆ ಅವನಾದರೂ ಏನು ಹೇಳಿಯಾನು.

ಕೈಲೆಕ್ಕವೇನು ದೇವರ ವಾಕ್ಯವಲ್ಲ. ಅದರಲ್ಲೂ ತಪ್ಪುಗಳಿವೆ, ಅವನ್ನು ಹೇಳದೆ ಬರೀ ಡಿಸ್‌ಪ್ಲೇಯನ್ನು ಬೈದರೆ ನ್ಯಾಯವಲ್ಲ. ದೊಡ್ಡ ತಪ್ಪು "ಫುಲ್" ಅನ್ನುವ ಮಾತಿನಲ್ಲೇ ಇದೆ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನಿಲ್ಲಿಸಿದರೆ ಒಂದು ಫುಲ್, ನೆಟ್ಟಗೆ ಹಿಡಿದರೆ ಇನ್ನೊಂದು ಫುಲ್. ನೊರೆ ಬಂದು ನಳಿಕೆ ಕಟ್ ಆದರೆ ಮೂರನೆಯದು. ಇಂದು 300 ಮಿಲಿ ಕಡಿಮೆ ಬಿತ್ತು ಅಂದುಕೊಳ್ಳಿ. ಐದು ಲೀಟರ್ ಹಾಕಿಸಿದ ಲೆಕ್ಕದಲ್ಲಿ ಅದು ನೂರಕ್ಕೆ 6ರಷ್ಟು ತಪ್ಪು, ಡಿಸ್‌ಪ್ಲೇಯ ತಪ್ಪಿಗೇನೂ ಕಡಿಮೆಯಲ್ಲ. ಒಂದೇ ಒಂದು ಸಲ ಫುಲ್ ಮಾಡಿಸಿ "ಕಂಪನಿಯವರು ಮೋಸ" ಅಂತ ಬರೆಯುವವರನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಆದರೆ ಲೆಕ್ಕದ ಪುಸ್ತಕ ಮುಂದುವರಿಸಿಕೊಂಡು ಹೋದರೆ ಒಂದು ಚೆಂದದ ಸಂಗತಿ ನಡೆಯುತ್ತದೆ. ಈ ಸಲ 300 ಮಿಲಿ ಕಡಿಮೆ ಬಿದ್ದರೆ ಮುಂದಿನ ಸಲ ಅಷ್ಟೇ ಹೆಚ್ಚು ಹಿಡಿಯುತ್ತದೆ, ನಡುವಿನ ತಪ್ಪುಗಳೆಲ್ಲ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಕೊನೆಗೆ ಉಳಿಯುವುದು ಮೊದಲ ಫುಲ್‌ಗೂ ಕೊನೆಯ ಫುಲ್‌ಗೂ ಇರುವ ವ್ಯತ್ಯಾಸ ಮಾತ್ರ. 66.9 ಲೀಟರಿನಲ್ಲಿ 300 ಮಿಲಿ ಅಂದರೆ ನೂರಕ್ಕೆ ಅರ್ಧ ಕೂಡ ಇಲ್ಲ. ನಾನು ಎಂಟು ಸಲವೂ ನಾಗರಬಾವಿಯ ಒಂದೇ ಬಂಕಿಗೆ ಹೋದೆ, ಮಷೀನೂ ಒಂದೇ. ಗಾಡಿಯನ್ನು ನೆಟ್ಟಗೆ ಹಿಡಿದು, ಟ್ಯಾಂಕಿನ ಕತ್ತಿನ ಕೆಳಗಿನ ಪಟ್ಟಿಗೆ ಪೆಟ್ರೋಲ್ ಮುಟ್ಟುವಲ್ಲಿ ನಿಲ್ಲಿಸುತ್ತಿದ್ದೆ. ಅದರ ಮೇಲಕ್ಕೆ, ಮುಚ್ಚಳದ ತನಕ ತುಂಬಿಸಬೇಡಿ. ಆವಿ ಹಿಡಿಯುವ ಕ್ಯಾನಿಸ್ಟರಿಗೆ ಪೆಟ್ರೋಲ್ ನುಗ್ಗಿದರೆ ಅದು ಕೆಡುತ್ತದೆ.

ಬಂಕಿನ ಮೇಲೆ ಅನುಮಾನ ಇದ್ದವರಿಗೆ ಒಂದು ಮಾತು. ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರಬೇಕು, ಗ್ರಾಹಕರು ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು. 5 ಲೀಟರಿಗೆ 25 ಮಿಲಿ ತನಕ ಆಚೀಚೆ ಆಗಲು ಕಾನೂನು ಬಿಡುತ್ತದೆ, ಅಂದರೆ ನೂರಕ್ಕೆ ಅರ್ಧ. ನಾನು ಕೇಳಿದೆ. ಮುಖ ಸಿಂಡರಿಸಿಕೊಳ್ಳದೆ ತಂದು ಅಳೆದು ತೋರಿಸಿದರು, ಅಳತೆ ಮಿತಿಯೊಳಗೇ ಇತ್ತು. ಬೆಳಗ್ಗೆ ಹಾಕಿಸಿದರೆ ತಣ್ಣಗಿದ್ದು ಹೆಚ್ಚು ಬರುತ್ತದೆ ಅನ್ನುವ ಮಾತಿನಲ್ಲೂ ಹುರುಳು ಕಡಿಮೆ. ಹತ್ತು ಡಿಗ್ರಿ ಬಿಸಿಗೆ ಪೆಟ್ರೋಲ್ ನೂರಕ್ಕೆ ಸುಮಾರು ಒಂದರಷ್ಟು ಉಬ್ಬುವುದು ನಿಜ. ಆದರೆ ಬಂಕಿನ ಟ್ಯಾಂಕು ನೆಲದೊಳಗಿರುತ್ತದೆ, ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಷ್ಟು ಅಂತರ ಬರುವುದಿಲ್ಲ.

ನನಗೆ ನಿಜವಾಗಿ ಆಶ್ಚರ್ಯವಾದದ್ದು ದೂರದ ವಿಷಯದಲ್ಲಿ. ಒಂದು ಭಾನುವಾರ ಬೆಳಗ್ಗೆ ನೆಲಮಂಗಲ ದಾಟಿದ ಮೇಲೆ ತುಮಕೂರು ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿನ ಪಕ್ಕ ನಿಲ್ಲಿಸಿ ಎರಡನೇ ಟ್ರಿಪ್ ಮೀಟರ್ ಆದ ಟ್ರಿಪ್ ಬಿ ಸೊನ್ನೆ ಮಾಡಿದೆ. ಅಲ್ಲಿಂದ ಮೂವತ್ತು ಕಿಲೋಮೀಟರ್ ಮುಂದಿನ ಕಲ್ಲಿನ ಹತ್ತಿರ ಮೀಟರ್ 30.8 ತೋರಿಸಿತು. ಮೊಬೈಲಿನ ಜಿಪಿಎಸ್ ಕೂಡ ಕಲ್ಲುಗಳ ಪರವಾಗಿಯೇ ಇತ್ತು. ಅಂದರೆ ಓಡೋಮೀಟರ್ ನೂರಕ್ಕೆ ಹತ್ತಿರ ಹತ್ತಿರ 2.7 ಹೆಚ್ಚು ಎಣಿಸುತ್ತಿದೆ. ಟೈರ್ ಸವೆದಷ್ಟೂ ಚಕ್ರ ಚಿಕ್ಕದಾಗಿ, ಅದೇ ದೂರಕ್ಕೆ ಸುತ್ತು ಜಾಸ್ತಿಯಾಗುತ್ತದೆ, ನನ್ನದೂ ಸವೆದ ಟೈರೇ. ಇದರ ಪರಿಣಾಮ ಏನು ಗೊತ್ತೇ? ನಾನು ಹೆಮ್ಮೆಯಿಂದ ಬರೆದಿಟ್ಟ 46.7 ಕೂಡ ಪೂರ್ತಿ ನಿಜವಲ್ಲ, ನಿಜ 45.5ರ ಸುತ್ತ ಇದೆ. ಕೈಲೆಕ್ಕದವರೂ ದೂರವನ್ನು ಅದೇ ಮೀಟರಿನಿಂದ ತಾನೆ ಎತ್ತಿಕೊಳ್ಳುವುದು.

ನನ್ನ ವಾದ ಹುಟ್ಟಿದ್ದು ಇಲ್ಲಿಂದ. ಎರಡೂ ಲೆಕ್ಕದಲ್ಲಿ ದೂರ ಒಂದೇ. ಹಾಗಾದರೆ 50.6ಕ್ಕೂ 46.7ಕ್ಕೂ ಇರುವ ಜಗಳ ಪೂರ್ತಿ ಪೆಟ್ರೋಲಿನದ್ದು. 3,127ನ್ನು 50.6ರಿಂದ ಭಾಗಿಸಿ ನೋಡಿ, 61.8 ಬರುತ್ತದೆ. ನಾನು ದುಡ್ಡು ಕೊಟ್ಟು ಹಾಕಿಸಿದ್ದು 66.9 ಲೀಟರ್, ಬೈಕು ಕುಡಿದೆ ಅಂತ ಒಪ್ಪಿಕೊಳ್ಳುತ್ತಿರುವುದು 61.8. ನಡುವೆ ಐದು ಲೀಟರ್ ಕಾಣೆಯಾಗಿದೆ, ನೂರು ರೂಪಾಯಿ ದಾಟಿದ ಲೀಟರು. ಇದನ್ನು ಕಂಡುಹಿಡಿಯಲು ನಾನು ಹಿಂದುಮುಂದಾಗಿ ಲೆಕ್ಕ ಮಾಡಬೇಕಾಯಿತು, ಯಾಕೆಂದರೆ ಡಿಸ್‌ಪ್ಲೇ ಲೀಟರನ್ನು ತೋರಿಸುವುದೇ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ಭಾಜ್ಯ, ಭಾಜಕ, ಭಾಗಲಬ್ಧ ಮೂರನ್ನೂ ಬರೆಸುತ್ತಿದ್ದರು, ಬರೀ ಉತ್ತರ ಬರೆದರೆ ಅರ್ಧ ಮಾರ್ಕು. ಬೈಕಿನ ಕಂಪನಿಗಳು ಉತ್ತರ ಮಾತ್ರ ಬರೆದು ಭಾಜಕವನ್ನು ಮುಚ್ಚಿಡುತ್ತಿವೆ. "ಕಳೆದ ರೀಸೆಟ್‌ನಿಂದ ಇಲ್ಲಿಯ ತನಕ ಬಳಸಿದ ಪೆಟ್ರೋಲ್ 8.14 ಲೀಟರ್" ಅಂತ ಒಂದು ಸಾಲು ತೋರಿಸಲಿ ಸಾಕು. ಅದನ್ನು ಬಂಕಿನ ಬಿಲ್ಲಿನ ಪಕ್ಕ ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು. ಆ ಅಂಕಿ ಒಳಗೆ ಇದ್ದೇ ಇದೆ, ಇಲ್ಲದಿದ್ದರೆ ಭಾಗಾಕಾರ ಹೇಗೆ ಮಾಡುತ್ತಿತ್ತು? ಅದರ ಜೊತೆಗೆ, ಮೂರು ನಾಲ್ಕು ಬಿಲ್ ನೋಡಿ ನಾವೇ ಸರಿಪಡಿಸಿಕೊಳ್ಳುವ ಒಂದು ಸೆಟ್ಟಿಂಗ್ ಕೊಟ್ಟರೆ ಇನ್ನೂ ಒಳ್ಳೆಯದು.

ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಹೀಗಾಗಿದೆ ಅಂತ ಒಬ್ಬ ಗೆಳೆಯರು ಹೇಳಿದರು. ಎರಡು ಬೇರೆ ವಿಷಯಗಳನ್ನು ಕಲಸುವುದು ಬೇಡ. 2023ರ ಫೆಬ್ರವರಿ 6ರಂದು ಇ20 ಬಿಡುಗಡೆಯಾದದ್ದು ನಮ್ಮ ತುಮಕೂರು ರಸ್ತೆಯ ಮಾದಾವರದಲ್ಲೇ, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ ಇದೆ, ಹಾಗಾಗಿ ಮೈಲೇಜು ಇಳಿಯುವುದು ಸಹಜ. 2021ರ ನೀತಿ ಆಯೋಗದ ವರದಿಯೇ ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ನೂರಕ್ಕೆ 3ರಿಂದ 4ರಷ್ಟು ಇಳಿಕೆಯನ್ನು ಅಂದಾಜಿಸಿತ್ತು. ಆದರೆ ಎಥೆನಾಲ್ ಹೆಚ್ಚಿದ್ದರೆ ಆಕ್ಸಿಜನ್ ಸೆನ್ಸರ್ ಅದನ್ನು ಗ್ರಹಿಸುತ್ತದೆ, ಇಸಿಯು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆಯುತ್ತದೆ, ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಇ20ರಿಂದ ಡಿಸ್‌ಪ್ಲೇಯೂ ಕೈಲೆಕ್ಕವೂ ಒಟ್ಟಿಗೆ ಇಳಿಯಬೇಕು. ನಡುವಿನ ಅಂತರಕ್ಕೆ ಎಥೆನಾಲನ್ನು ಹೊಣೆ ಮಾಡಲಾಗದು.

ಡಿಸ್‌ಪ್ಲೇ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಪಟ್ಟಿಯಲ್ಲಿ ಪ್ರತಿ ಫುಲ್‌ಗೂ ತಪ್ಪು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ. ಅದು ತೋರಿಸಿದ್ದನ್ನು 0.92ರಿಂದ ಗುಣಿಸಿದರೆ ಬಿಲ್ಲಿನ ಹತ್ತಿರ ಬರುತ್ತದೆ. ಒಂದೇ ಸಮ ತಪ್ಪುವ ಗೇಜನ್ನು ತಿದ್ದುಪಡಿ ಹಾಕಿ ಬಳಸಬಹುದು, ಕಾರ್ಖಾನೆಯಲ್ಲಿ ನಾವೂ ಹಾಗೆ ಮಾಡುವುದುಂಟು. ತುಮಕೂರು ರಸ್ತೆಯಲ್ಲಿ 80ರಿಂದ 55ಕ್ಕೆ ಇಳಿಸಿದರೆ ಮೈಲೇಜು ಹೇಗೆ ಏರುತ್ತದೆ ಅಂತ ಕಣ್ಣಿಗೆ ಕಾಣಿಸುವುದು ಡಿಸ್‌ಪ್ಲೇಯಿಂದಲೇ. ಟೈರಿನಲ್ಲಿ ಗಾಳಿ ಇಳಿದ ವಾರ ಅದು ನನಗಿಂತ ಮೊದಲೇ ಸೂಚನೆ ಕೊಟ್ಟಿತ್ತು. ಮಳೆ ಬಂದ ಸಂಜೆ ಸುಮನಹಳ್ಳಿಯಿಂದ ಗೊರಗುಂಟೆಪಾಳ್ಯದ ತನಕ ತೆವಳುವಾಗ ಸರಾಸರಿ ಕರಗುವುದನ್ನು ನೋಡಿ, ಉದ್ದದ ಸಿಗ್ನಲ್ಲುಗಳಲ್ಲಿ ಎಂಜಿನ್ ಆಫ್ ಮಾಡುವುದನ್ನು ರೂಢಿ ಮಾಡಿಕೊಂಡೆ. ಇಷ್ಟು ದೂರ ಹೋಗಬಹುದು ಅನ್ನುವ ಅಂಕಿಯನ್ನು ಮಾತ್ರ ದಯವಿಟ್ಟು ನಂಬಿ ಕೂರಬೇಡಿ. ತಪ್ಪು ಮೈಲೇಜನ್ನು, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಎಷ್ಟು ಅಂತ ಹೇಳುವ ತೇಲುಬುರುಡೆಯ ಅಂದಾಜಿನಿಂದ ಗುಣಿಸಿದ ಅಂಕಿ ಅದು.

ಲೆಕ್ಕ ಹಾಕುವಾಗ ನಮ್ಮವರು ಮಾಡುವ ಇನ್ನೊಂದು ತಪ್ಪು, ಮೈಲೇಜುಗಳನ್ನು ಕೂಡಿ ಭಾಗಿಸುವುದು. 30 ಕಿಲೋಮೀಟರಿಗೆ 60 ಬಂತು, ಮುಂದಿನ 30 ಕಿಲೋಮೀಟರಿಗೆ 40 ಬಂತು, ಸರಾಸರಿ 50 ಅನ್ನುತ್ತಾರೆ. ಅಲ್ಲ. ಮೊದಲಿನದಕ್ಕೆ ಅರ್ಧ ಲೀಟರ್, ಎರಡನೆಯದಕ್ಕೆ ಮುಕ್ಕಾಲು ಲೀಟರ್, ಒಟ್ಟು ಒಂದೂಕಾಲು ಲೀಟರಿಗೆ 60 ಕಿಲೋಮೀಟರ್, ಸರಾಸರಿ 48. ಕಿಲೋಮೀಟರೆಲ್ಲ ಒಂದು ಕಡೆ ಕೂಡಿ, ಲೀಟರೆಲ್ಲ ಒಂದು ಕಡೆ ಕೂಡಿ, ಕೊನೆಗೆ ಒಂದೇ ಸಲ ಭಾಗಿಸಿ.

ಇಷ್ಟೆಲ್ಲ ಬರೆಯಲು ನಿಜವಾದ ಕಾರಣ ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗ. ಹಾಸನದ ಕಡೆಯವನು, ಊಟದ ಡೆಲಿವರಿ ಮಾಡುತ್ತಾನೆ, ದಿನಕ್ಕೆ 120 ಕಿಲೋಮೀಟರ್ ಓಡಿಸುತ್ತಾನೆ. ಒಂದು ರಾತ್ರಿ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕ ಮಾಡುತ್ತಿದ್ದ. "ಅಣ್ಣಾ, ಗಾಡಿ 58 ಕೊಡ್ತಿದೆ, ಆ ಲೆಕ್ಕದಲ್ಲಿ ಉಳೀಬೇಕಾದ ದುಡ್ಡು ತಿಂಗಳ ಕೊನೇಲಿ ಉಳೀತಿಲ್ಲ. ಎಲ್ಲಿ ಸೋರ್ತಿದೆ ಅಂತ ಗೊತ್ತಾಗ್ತಿಲ್ಲ" ಅಂದ. ದಿನಾ ಇನ್ನೂರು ರೂಪಾಯಿಗೆ ಹಾಕಿಸುತ್ತಿದ್ದವನು ಅವನು, ಹಾಗೆ ಹಾಕಿಸಿದರೆ ಕೈಲೆಕ್ಕ ಮಾಡಲು ಬರುವುದಿಲ್ಲ. ಎರಡು ವಾರ ಫುಲ್ ಮಾಡಿಸು, ಬಿಲ್ ಇಟ್ಟುಕೋ ಅಂದೆ. ಎರಡು ಫುಲ್ ಸೇರಿ ಬಂದದ್ದು 53. ದಿನಕ್ಕೆ 120 ಕಿಲೋಮೀಟರಿನಂತೆ ತಿಂಗಳಿಗೆ 26 ದಿನ ಓಡಿದರೆ, 58ಕ್ಕೂ 53ಕ್ಕೂ ನಡುವೆ ಐದು ಲೀಟರ್, 500 ರೂಪಾಯಿಗೂ ಮೇಲೆ. ನನಗೆ ಅದು ಪೀಣ್ಯದ ಗೇಜಿನ ವಿಷಯ, ಅವನಿಗೆ ಊರಿಗೆ ಕಳಿಸುವ ದುಡ್ಡಿನ ವಿಷಯ. ಯಾವ ಆರ್ಡರ್ ಹಿಡಿಯಬೇಕು, ಯಾವ ದೂರಕ್ಕೆ ಹೋದರೆ ನಷ್ಟ ಅಂತ ಅವನು ತೀರ್ಮಾನ ಮಾಡುತ್ತಿದ್ದದ್ದು ಡಿಸ್‌ಪ್ಲೇಯ ಆ ಅಂಕಿಯನ್ನು ನಂಬಿ.

ಈಗ ಅವನ ಹತ್ತಿರವೂ ಒಂದು ಪಾಕೆಟ್ ಡೈರಿ ಇದೆ. ತಾರೀಖು, ಕಿಲೋಮೀಟರ್, ಲೀಟರ್, ಪಕ್ಕದಲ್ಲಿ ಡಿಸ್‌ಪ್ಲೇ ತೋರಿಸಿದ್ದು, ಹೀಗೆ ನಾಲ್ಕು ಕಾಲಂ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಹೆಲ್ಮೆಟ್ ಕೂಡ ತೆಗೆಯದೆ ಬಂದು ಬಾಗಿಲು ತಟ್ಟಿದ. ಮೂರನೇ ಬಿಲ್ಲು ಕೈಯಲ್ಲಿತ್ತು. "ಅಣ್ಣಾ, 52.8. ಮೀಟರಲ್ಲಿ ಈಗ್ಲೂ 58."