ಬಾಲದ ತುದಿಯಲ್ಲಿ ಕೂತವನು

ಎರಡನೇ ಮಹಾಯುದ್ಧದಲ್ಲಿ ಬಾಂಬ್ ಹಾಕಲು ಬ್ರಿಟನ್ ಬಳಸಿದ ಲ್ಯಾಂಕಾಸ್ಟರ್ ವಿಮಾನದ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಅದರಲ್ಲಿ ಪೈಲಟ್‌ಗಳ ಧೈರ್ಯದ ಮಾತೇ ಜಾಸ್ತಿ ಆಯಿತು. ಆ ವಿಮಾನದಲ್ಲಿ 7 ಜನ ಇರುತ್ತಿದ್ದರು ಅಲ್ವಾ? ನನ್ನನ್ನು ಕಾಡುವುದು ಬಾಲದ ತುದಿಯ ಗನ್ನರ್, ಅಂದರೆ ಶತ್ರು ವಿಮಾನಗಳತ್ತ ಮೆಷಿನ್ ಗನ್ ಹಾರಿಸುವವನು.

ಗೂಡಿನಂಥ ಇಕ್ಕಟ್ಟು ಜಾಗ. ಮಿಕ್ಕವರಿಗೆ ಬೆನ್ನು ಹಾಕಿ ಏಳೆಂಟು ಗಂಟೆ ಒಬ್ಬನೇ ಕೂತಿರಬೇಕು. ಚಳಿ ಮೈನಸ್ 40 ಡಿಗ್ರಿಗೂ ಇಳಿಯುತ್ತಿತ್ತು. ಕರೆಂಟಿನಿಂದ ಬಿಸಿಯಾಗುವ ಉಡುಪು ಇತ್ತು, ಕೆಟ್ಟರೆ ಕೈಕಾಲು ಮರಗಟ್ಟಿದಂತೆಯೇ. ಅಷ್ಟಾದರೂ ಎಷ್ಟೋ ಗನ್ನರ್‌ಗಳು ಎದುರಿನ ಪಾರದರ್ಶಕ ಹಾಳೆಯನ್ನೇ ತೆಗೆಸಿಬಿಡುತ್ತಿದ್ದರು. ಅದರ ಮೇಲಿನ ಒಂದು ಕಲೆ ಕೂಡ ಕತ್ತಲಲ್ಲಿ ಶತ್ರು ವಿಮಾನದಂತೆ ಕಾಣುತ್ತಿತ್ತು. ಪ್ಯಾರಾಚೂಟ್ ಇಡಲು ಒಳಗೆ ಜಾಗವಿಲ್ಲ. ವಿಮಾನಕ್ಕೆ ಬೆಂಕಿ ಬಿದ್ದರೆ ಮೊದಲು ಬೆನ್ನ ಹಿಂದಿನ ಬಾಗಿಲು ತೆರೆದು ಪ್ಯಾರಾಚೂಟನ್ನು ಎಳೆದುಕೊಳ್ಳಬೇಕಿತ್ತು.

ಒಬ್ಬೊಬ್ಬ ಹಾರಾಟಗಾರನ ಒಂದು ಸರದಿ ಸೇವೆ ಎಂದರೆ 30 ದಾಳಿ. 1944ರ ಮಾರ್ಚ್ 30ರ ರಾತ್ರಿ ಜರ್ಮನಿಯ ನ್ಯೂರೆಂಬರ್ಗ್‌ಗೆ ಹೋದ ಸುಮಾರು 800 ವಿಮಾನಗಳಲ್ಲಿ 95 ವಾಪಸ್ ಬರಲಿಲ್ಲ. ಒಂದೇ ರಾತ್ರಿ! ಇಡೀ ಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಬಾಂಬ್ ದಾಳಿಯ ವಿಭಾಗವಾದ ಬಾಂಬರ್ ಕಮಾಂಡ್‌ನ ಸುಮಾರು 1,25,000 ಹಾರಾಟಗಾರರಲ್ಲಿ 55,573 ಮಂದಿ ಸತ್ತರು. ಎಲ್ಲರೂ ತಾವಾಗಿಯೇ ಮುಂದೆ ಬಂದವರು. ಇನ್ನು ಹಾರಲಾರೆ ಎಂದವನಿಗೆ ಮಾತ್ರ 'ಮನೋಬಲ ಇಲ್ಲದವನು' ಎಂಬ ಹಣೆಪಟ್ಟಿ ಅಂಟಿಸುತ್ತಿದ್ದರು. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಹಾಗೆ ಮಾಡಿದ್ದು ದೊಡ್ಡ ಅನ್ಯಾಯ.

ಅವರ ಬಾಂಬುಗಳಿಗೆ ಸಿಕ್ಕಿ ಸತ್ತ ಜರ್ಮನ್ ಊರುಗಳ ಹೆಂಗಸರು, ಮಕ್ಕಳನ್ನೂ ನಾನು ಮರೆತಿಲ್ಲ. ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಈ ಹುಡುಗರ ಸ್ಮಾರಕ ಎದ್ದದ್ದು 2012ರಲ್ಲಿ. ಅಷ್ಟರಲ್ಲಿ ಬದುಕಿ ಬಂದವರಲ್ಲೂ ಬಹಳ ಜನ ತೀರಿಹೋಗಿದ್ದರು. ದಯವಿಟ್ಟು ಮುಂದಿನ ಸಲ ಗನ್ನರ್‌ಗಳ ಬಗ್ಗೆ ಬರೆಯಿರಿ.