ಸಂಬಳ ಆಮೇಲೆ ಕೇಳಿ, ಮೊದಲು ಇನ್ಶೂರೆನ್ಸ್ ಯಾವುದು ಅಂತ ಕೇಳಿ

ಫಾರಿನ್‌ನಲ್ಲಿ ಕೆಲಸ ಸಿಕ್ಕಿತು ಅಂದರೆ ನಮ್ಮವರು ಮೊದಲು ಕೇಳುವುದು ಸಂಬಳ, ಆಮೇಲೆ ಅಲ್ಲಿ ಸೋನಾ ಮಸೂರಿ ಸಿಗುತ್ತಾ ಅಂತ. ಶುಗರ್, ಅಸ್ತಮಾ ಥರದ್ದು ಮೈಗಂಟಿಕೊಂಡಿದ್ದರೆ ಈ ಎರಡೂ ಆಮೇಲಿನ ಮಾತು. ಆ ದೇಶದ ವಿಮೆ ನಿಮ್ಮ ಹಳೆ ಕಾಯಿಲೆಯನ್ನು ಒಪ್ಪುತ್ತಾ, ಅದನ್ನು ಮೊದಲು ನೋಡಿ.

ನಾನಿರುವುದು ಜರ್ಮನಿಯಲ್ಲಿ, ನನಗೆ ಟೈಪ್ 1 ಡಯಾಬಿಟಿಸ್. ಇಲ್ಲಿ ವಿಮೆ ಎರಡು ಬಗೆ, ಪಬ್ಲಿಕ್ ಮತ್ತು ಪ್ರೈವೇಟ್. ಪಬ್ಲಿಕ್‌ನವರು ನಿಮಗೆ ಏನು ಕಾಯಿಲೆ ಅಂತ ಕೇಳುವುದೇ ಇಲ್ಲ. ಸಂಬಳದ ಶೇ. 14.6, ಅದರ ಮೇಲೆ ಒಂದಿಷ್ಟು ಹೆಚ್ಚುವರಿ, ಅದರಲ್ಲಿ ಅರ್ಧ ಕಂಪನಿಯೇ ಕಟ್ಟುತ್ತದೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವ ನನಗೂ, ಮ್ಯಾರಥಾನ್ ಓಡುವ ಪಕ್ಕದ ಸೀಟಿನವನಿಗೂ ಒಂದೇ ಲೆಕ್ಕ. ದುಡಿಯದ ಹೆಂಡತಿ ಅಥವಾ ಗಂಡ, ಮಕ್ಕಳು ಅದೇ ದುಡ್ಡಿನಲ್ಲಿ ಸೇರಿಕೊಳ್ಳುತ್ತಾರೆ. ಪ್ರೈವೇಟ್ ಹಾಗಲ್ಲ. ವಯಸ್ಸು ಚಿಕ್ಕದು, ಸಂಬಳ ದೊಡ್ಡದು (2025ರಲ್ಲಿ ವರ್ಷಕ್ಕೆ 73,800 ಯೂರೋ ದಾಟಬೇಕಿತ್ತು) ಅಂದರೆ ಅದೇ ಅಗ್ಗ, ಅದಕ್ಕೇ ಎಲ್ಲರೂ ಆಸೆ ಹುಟ್ಟಿಸುತ್ತಾರೆ. ಆದರೆ ಅವರು ಕಾಯಿಲೆಗಳ ಫಾರಂ ತುಂಬಿಸಿಕೊಂಡೇ ಒಳಗೆ ಬಿಡುವುದು. ಡಯಾಬಿಟಿಸ್ ಅಂದ ತಕ್ಷಣ ಒಂದೋ ಜಾಸ್ತಿ ದುಡ್ಡು, ಇಲ್ಲ ಬಾಗಿಲು ಬಂದ್.

"ಸಾರ್, ಶುಗರ್ ಅಂತ ಬರೀಬೇಡಿ, ಯಾರೂ ನೋಡಲ್ಲ" ಅಂತ ಒಬ್ಬ ಏಜೆಂಟ್ ನನಗೆ ಫೋನಿನಲ್ಲಿ ಸಲೀಸಾಗಿ ಹೇಳಿದ್ದ. ಪ್ರೀಮಿಯಂ ತಗೊಳ್ಳುವಾಗ ನೋಡಲ್ಲ, ನಿಜ. ಬಿಲ್ ಹೋದಾಗ ನೋಡುತ್ತಾರೆ, ಮುಚ್ಚಿಟ್ಟಿದ್ದು ಗೊತ್ತಾದರೆ ಪಾಲಿಸಿಯನ್ನೇ ರದ್ದು ಮಾಡಬಹುದು. ಅವನ ಕಮಿಷನ್ ಅಷ್ಟರಲ್ಲಿ ಅವನ ಜೇಬು ಸೇರಿರುತ್ತೆ!

ಓದಲು ಬರುವವರೇ, ನೀವಿನ್ನೂ ಹುಷಾರಾಗಿರಿ. 30 ದಾಟಿದರೆ ಪಬ್ಲಿಕ್‌ನ ಸ್ಟೂಡೆಂಟ್ ರೇಟ್ ಸಿಗುವುದಿಲ್ಲ. ಅದಕ್ಕಿಂತ ಚಿಕ್ಕವರು ನಾಲ್ಕು ಕಾಸು ಉಳಿಯುತ್ತೆ ಅಂತ ಪ್ರೈವೇಟ್‌ಗೆ ಹೋದರೆ ಆ ಓದು ಮುಗಿಯುವವರೆಗೆ ವಾಪಸ್ ಬರುವ ಹಾಗಿಲ್ಲ. ವೀಸಾಕ್ಕೆ ಅಂತ ಕೊಳ್ಳುವ ಟ್ರಾವೆಲ್ ಪಾಲಿಸಿ ಸಾಮಾನ್ಯವಾಗಿ ಹಳೆ ಕಾಯಿಲೆಯನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಹಾಗಾಗಿ ಬಂದಿಳಿದ ದಿನದಿಂದ ಅಸಲಿ ವಿಮೆ ಶುರುವಾಗುವವರೆಗೆ ಬೇಕಾದ ಔಷಧಿ ಜೊತೆಗಿರಲಿ. ಸ್ವಂತ ಬಳಕೆಗೆ ಮೂರು ತಿಂಗಳಿನಷ್ಟು ತರಬಹುದು. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಕೆಳಗಿನ ಲಗೇಜಿನಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಡಾಕ್ಟರ್ ಚೀಟಿಯಲ್ಲಿ ಬ್ರ್ಯಾಂಡ್ ಜೊತೆ ಜೆನೆರಿಕ್ ಹೆಸರೂ (ಔಷಧಿಯ ಮೂಲ ಹೆಸರು) ಬರೆಸಿಕೊಳ್ಳಿ. ಖಾಲಿಯಾದರೆ ಅಮ್ಮ ಕೊರಿಯರ್ ಮಾಡುತ್ತಾರೆ ಅಂದುಕೊಳ್ಳಬೇಡಿ, ಭಾರತದಿಂದ ಪೋಸ್ಟಿನಲ್ಲಿ ಔಷಧಿ ತರಿಸಿಕೊಳ್ಳಲು ಇಲ್ಲಿ ಬಿಡುವುದಿಲ್ಲ.

ಬ್ರಿಟನ್ ಬಗ್ಗೆ ಜನ ಗೊಣಗುತ್ತಾರೆ. ಕೆಲಸದ ವೀಸಾಕ್ಕೆ ತಲೆಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್, ಅದೂ ಅಷ್ಟೂ ವರ್ಷದ್ದು ಮೊದಲೇ. ಗಂಡ ಹೆಂಡತಿ ಮೂರು ವರ್ಷಕ್ಕೆ ಅಂದರೆ 6,210 ಪೌಂಡ್. ಹೊಟ್ಟೆ ಉರಿಯುತ್ತೆ, ಒಪ್ಪಿದೆ. ಆದರೆ ಕಟ್ಟಿದ ಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹಳೆ ಕಾಯಿಲೆ ಅಂತ ತಕರಾರು ತೆಗೆಯಲ್ಲ. ಇಂಗ್ಲೆಂಡಿನಲ್ಲಿ ಇನ್ಸುಲಿನ್ ಮೇಲಿರುವವರಿಗೆ ಔಷಧಿ ಚಾರ್ಜಿನಿಂದಲೂ ವಿನಾಯಿತಿ ಸಿಗುತ್ತದೆ. ನನ್ನಂಥವರಿಗೆ ಅದು ದುಬಾರಿ ಅಲ್ಲ.

ನಿಜವಾಗಿ ಕಷ್ಟ ಅಪ್ಪ ಅಮ್ಮಂದು. ಜರ್ಮನಿಯ ಪಬ್ಲಿಕ್ ವಿಮೆಗೆ ಅವರನ್ನು ಸೇರಿಸುವ ಹಾಗಿಲ್ಲ. ಅಮೆರಿಕದಲ್ಲಿ 2014ರಿಂದ ಅಲ್ಲಿನ ಮಾಮೂಲಿ ಹೆಲ್ತ್ ಪ್ಲಾನ್‌ಗಳು ಹಳೆ ಕಾಯಿಲೆ ಅಂತ ಯಾರನ್ನೂ ಹೊರಗಿಡುವಂತಿಲ್ಲ, ಆದರೆ ಬಾಣಂತನಕ್ಕೆ ಬರುವ ಅಮ್ಮನಿಗೆ ಕೊಳ್ಳುವ ವಿಸಿಟರ್ ಪಾಲಿಸಿ ಆ ಲೆಕ್ಕಕ್ಕೆ ಬರಲ್ಲ. ಹಳೆ ಕಾಯಿಲೆ ದಿಢೀರ್ ಉಲ್ಬಣವಾದರೆ ಮಾತ್ರ ಕೊಡುತ್ತೇವೆ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ತಿಂಗಳ ಬಿಪಿ ಮಾತ್ರೆ, ಚೆಕಪ್ ಎಲ್ಲ ನಿಮ್ಮ ಜೇಬಿನಿಂದಲೇ.

ಇನ್ನೊಂದು. ಊರಿನ ಪಾಲಿಸಿ ನಿಲ್ಲಿಸಬೇಡಿ. ಹೊರಗಿನ ಚಿಕಿತ್ಸೆಗೆ ಬರದ ವಿಮೆಗೆ ಸುಮ್ನೆ ಯಾಕೆ ದುಡ್ಡು ಅಂತ ತುಂಬಾ ಜನ ಕೈಬಿಡುತ್ತಾರೆ. ವಾಪಸ್ ಬಂದು ಹೊಸದು ಮಾಡಿಸಿದರೆ ಹಳೆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, 2024ರ ಮುಂಚೆ ನಾಲ್ಕು ವರ್ಷ ಇತ್ತು. ವರ್ಷಕ್ಕೊಮ್ಮೆ ಕಟ್ಟುವವರಿಗೆ ತಾರೀಖು ತಪ್ಪಿದರೆ 30 ದಿನ ಗ್ರೇಸ್ ಇರುತ್ತದೆ. ದುಡ್ಡು ಕಟ್ಟುವಾಗ ಓಟಿಪಿ ಬರುವ ಇಂಡಿಯಾ ಸಿಮ್ ರೀಚಾರ್ಜ್ ಮಾಡುತ್ತಿರಿ, ಅಷ್ಟೇ.